ನೈಋತ್ಯದ ಟ್ಯಾಂಕು, ವಾಯವ್ಯದ ವಿಮಾನ

ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಎಂಟಕ್ಕೆಲ್ಲ ನಮ್ಮ ತಾರಸಿಯ ಜಾಗದ ಹಂಚಿಕೆ ಮುಗಿದಿರುತ್ತದೆ. ಮೂಡಲ ಅರ್ಧ ಅಮ್ಮನದು. ಅಪ್ಪನ ಹಳೆಯ ಪಂಚೆ ಹಾಸಿ, ನಾಲ್ಕು ಮೂಲೆಗೆ ಇಟ್ಟಿಗೆ ಚೂರು ಹೇರಿ, ಅಕ್ಕಿ ಸಂಡಿಗೆಯ ಬಿಸಿ ಹಿಟ್ಟನ್ನು ಚಮಚದಲ್ಲಿ ಬಿಟ್ಟುಕೊಂಡು ಹೋಗುತ್ತಾಳೆ. ಸಾಲು ಎಳ್ಳಷ್ಟೂ ಓರೆಯಾಗುವುದಿಲ್ಲ. ಪಡುವಲ ಅರ್ಧ ನನ್ನದು. ಅಲ್ಲಿ ಬಟ್ಟೆ ಒಣಗಿಸುವ ತಂತಿಯ ಕಂಬದ ತುದಿಯಲ್ಲಿ, ಬಟ್ಟೆ ಹರಿದುಹೋದ ಕೊಡೆಯಂಥದ್ದೊಂದು ನಿಂತಿದೆ. ಮೇಲಕ್ಕೆ ನೆಟ್ಟಗೆ ಒಂದು ಕಡ್ಡಿ, ಕೆಳಕ್ಕೆ ಓರೆಯಾಗಿ ನಾಲ್ಕು ಕಡ್ಡಿ. ದಸರಾ ಗೊಂಬೆಗೆ ಹಿಡಿಯುವ ಅಳತೆಯದು. ಬೀದಿಯ ಕಾಗೆಯೊಂದು ಮೊದಲ ದಿನವೇ ಅದನ್ನು ಪರೀಕ್ಷಿಸಿ, ಕೂರಲು ಲಾಯಕ್ಕಿಲ್ಲವೆಂದು ತೀರ್ಮಾನಿಸಿ, ನೀರಿನ ಟ್ಯಾಂಕಿನ ತಲೆಗೆ ವಾಪಸು ಹೋಯಿತು.

ಕೊಡೆಯಿಂದ ಇಳಿದ ಕಪ್ಪು ವೈರು ಮೆಟ್ಟಿಲ ಕೋಣೆಯ ಕಿಟಕಿಯಲ್ಲಿ ನುಸುಳಿ, ಗೋಡೆ ಹಿಡಿದು ಇಳಿದು, ನನ್ನ ಮೇಜಿನ ಮೇಲಿನ ಬೆರಳುದ್ದದ ಡಾಂಗಲ್‌ಗೆ ಬಂದು ಸೇರುತ್ತದೆ. ಡಾಂಗಲ್ ಸಿಕ್ಕಿಸಿರುವುದು ಅಂಗೈಯಷ್ಟೇ ಇರುವ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ. ಮೊಬೈಲಿನಲ್ಲಿ ಅದರ ನಕಾಶೆ ತೆರೆದರೆ ಬೆಂಗಳೂರಿನ ಸುತ್ತ ಹಳದಿ, ಹಸಿರು, ನೇರಳೆ ಬಣ್ಣದ ಪುಟ್ಟ ವಿಮಾನಗಳು ತೆವಳುತ್ತಿರುತ್ತವೆ. ಇಂಟರ್‌ನೆಟ್‌ನಲ್ಲಿ ಯಾರೋ ಹೇಳಿ ತಿಳಿದದ್ದಲ್ಲ ಇದು. ಆ ವಿಮಾನಗಳೇ ಖುದ್ದಾಗಿ ಬನಶಂಕರಿ ಎರಡನೇ ಹಂತದ ನಮ್ಮ ತಾರಸಿಗೆ ಹೇಳಿ ಹೋದದ್ದು.

ನಿಜವಾಗಿ ಅವು ಎಲ್ಲರಿಗೂ ಹೇಳುತ್ತವೆ. ಪ್ರಯಾಣಿಕರ ವಿಮಾನವೊಂದು ಹೆಚ್ಚೂಕಡಿಮೆ ಸೆಕೆಂಡಿಗೆ ಎರಡು ಸಲ ತಾನೆಲ್ಲಿದ್ದೇನೆಂದು ಡಂಗುರ ಸಾರುತ್ತಲೇ ಹಾರುತ್ತದೆ. ಜಿಪಿಎಸ್‌ನಿಂದ ತಿಳಿದ ಅಕ್ಷಾಂಶ ರೇಖಾಂಶ, ಎತ್ತರ, ವೇಗ, ಫ್ಲೈಟ್ ನಂಬರು, ಎಲ್ಲವನ್ನೂ ಚೂರು ಚೂರಾಗಿ 1090 ಮೆಗಾಹರ್ಟ್ಸ್ ಅಲೆಯ ಮೇಲೆ ಬಿಡುತ್ತದೆ. ಎಡಿಎಸ್-ಬಿ ಎಂದು ಇದರ ಹೆಸರು. ಒಂದು ಚೂರಿಗೆ 112 ಬಿಟ್. ‘ಕೇಳಿರಪ್ಪೋ’ ಎನ್ನುವಂತೆ ಮೊದಲಿಗೆ ಬರುವ ನಾಲ್ಕು ಮಿಡಿತ ಸೇರಿ ಅದು ಮುಗಿಯುವುದು 120 ಮೈಕ್ರೊಸೆಕೆಂಡಿನಲ್ಲಿ. ನಾವು ಎವೆಯೊಂದು ಬಡಿಯುವಷ್ಟರಲ್ಲಿ ಅಂಥ ಸಾವಿರ ಚೂರು ಸಾಲಾಗಿ ದಾಟಿಹೋಗಬಹುದು. ಬೀಗವಿಲ್ಲ, ಗುಟ್ಟಿಲ್ಲ. ಪ್ರತಿ ವಿಮಾನಕ್ಕೂ 24 ಬಿಟ್‌ನ ಒಂದು ಗುರುತಿನ ಸಂಖ್ಯೆ ಬೇರೆ. ನಮ್ಮ ದೇಶದಲ್ಲಿ ನೋಂದಣಿಯಾದವುಗಳದ್ದು ಸಾಮಾನ್ಯವಾಗಿ 80ರಿಂದ ಶುರುವಾಗುತ್ತದೆ, ವಾಹನಗಳಿಗೆ ಕೆಎ ಇದ್ದ ಹಾಗೆ.

ಇದನ್ನು ಮನೆಯಲ್ಲಿ ಕೂತು ಕೇಳಿಸಿಕೊಳ್ಳುವುದು ಅಗ್ಗವಾದದ್ದು 2012ರ ಆಚೀಚೆ. ಕಂಪ್ಯೂಟರಿನಲ್ಲಿ ಟೀವಿ ನೋಡಲೆಂದು ಮಾಡಿದ್ದ ಒಂದು ಬಗೆಯ ಡಾಂಗಲ್, ಟೀವಿಯ ಗೊಡವೆಯಿಲ್ಲದೆ ಕಚ್ಚಾ ರೇಡಿಯೊ ಅಲೆಯನ್ನೇ ಒಪ್ಪಿಸಬಲ್ಲದೆಂದು ಫಿನ್ಲೆಂಡಿನ ಆಂಟಿ ಪಲೊಸಾರಿ ಕಂಡುಕೊಂಡರು. ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ ಆ ಅಲೆಯಿಂದ ವಿಮಾನದ ಮಾತನ್ನು ಹೆಕ್ಕುವ ಡಂಪ್1090 ಎಂಬ ತಂತ್ರಾಂಶ ಬರೆದು ಎಲ್ಲರಿಗೂ ಪುಕ್ಕಟೆ ಕೊಟ್ಟರು. ಅಲ್ಲಿಂದ ಮುಂದೆ ಲೋಕದ ಎಷ್ಟೋ ಊರುಗಳಲ್ಲಿ ನನ್ನಂಥವರು ತಾರಸಿ ಹತ್ತಿದರು.

ನಾನು ಮೊದಲ ದಿನವೇ ತಾರಸಿ ಹತ್ತಲಿಲ್ಲ. ಸೋಮಾರಿತನ. ಡಾಂಗಲ್ ಜೊತೆಗೆ ಬಂದಿದ್ದ, ಬುಡದಲ್ಲಿ ಅಯಸ್ಕಾಂತವಿದ್ದ ಗಿಡ್ಡ ಆಂಟೆನಾವನ್ನು ರೂಮಿನ ಕಿಟಕಿಯಲ್ಲಿಟ್ಟೆ. ಕಿಟಕಿಗೆ ಕಳ್ಳರ ಭಯಕ್ಕೆ ಹಾಕಿಸಿದ ಕಬ್ಬಿಣದ ಗ್ರಿಲ್ಲು, ಅದರಾಚೆ ಪಕ್ಕದ ಮನೆಯ ಗೋಡೆ. ಸಂಜೆಯಿಡೀ ಕೂತರೂ ಕಂಡದ್ದು ಐದು ವಿಮಾನ. ಯಾವುದೂ ರಾಮನಗರ ದಾಟಲಿಲ್ಲ. ಎದುರು ಮನೆಯ ಎಂಜಿನಿಯರಿಂಗ್ ಹುಡುಗ ಬಂದು ನೋಡಿ, “ಅಂಕಲ್, ಕೆಳಗೊಂದು ತಗಡು ಇಡಿ. ಇದು ಅರ್ಧ ಆಂಟೆನಾ. ಇನ್ನರ್ಧ ಅದು ಕೂತಿರೋ ಲೋಹ” ಅಂದ. ಚಕ್ಕುಲಿ ಡಬ್ಬದ ಮುಚ್ಚಳ ತಂದೆ. ಸತ್ಯವಾಗಿಯೂ ಮದ್ದೂರು ಮುಟ್ಟಿತು. ವಡೆ ಸಿಗಲಿಲ್ಲ, ಮುಚ್ಚಳ ಕಾಣದೆ ಚಕ್ಕುಲಿ ಮೆತ್ತಗಾಯಿತೆಂದು ಅಮ್ಮನಿಂದ ಬೈಗುಳ ಸಿಕ್ಕಿತು.

1090 ಮೆಗಾಹರ್ಟ್ಸ್ ಅಲೆಯ ಉದ್ದ 27.5 ಸೆಂಟಿಮೀಟರ್. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಅದರ ಕಾಲು ಭಾಗ 6.9 ಸೆಂಟಿಮೀಟರ್, ಅಂದರೆ ಹೆಚ್ಚೂಕಡಿಮೆ ನಾಲ್ಕು ಬೆರಳು ಜೋಡಿಸಿದ ಅಗಲ. ನನಗೆ ಈ ಲೆಕ್ಕ ಇಷ್ಟವಾದದ್ದೇ ಇದಕ್ಕೆ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನದ ಮಾತನ್ನು ಹಿಡಿಯುವ ಅಳತೆ, ಅನ್ನಕ್ಕೆ ನೀರಿಡುವಾಗ ಅಜ್ಜಿ ಬೆರಳಲ್ಲಿ ಹಿಡಿಯುತ್ತಿದ್ದ ಅಳತೆಯ ಆಸುಪಾಸಿನಲ್ಲೇ ಇದೆ.

ಎಸ್‌ಪಿ ರೋಡಿಗೆ ಹೋದೆ. ಸಂದಿಯೊಳಗಿನ ಸಂದಿಯಲ್ಲಿ, ಮೇಲೆ ವೈರಿನ ಸುರುಳಿಗಳು ಮಾಲೆಯಂತೆ ತೂಗುವ ಅಂಗಡಿ. ನಾಲ್ಕು ಮೂಲೆಗೆ ತೂತಿರುವ ಎಸ್ಒ-239 ಕನೆಕ್ಟರ್ ಬೇಕೆಂದಾಗ ಅಂಗಡಿಯವರು ತಲೆಯೆತ್ತದೆಯೇ ಡಬ್ಬಿಯೊಂದನ್ನು ತಳ್ಳಿದರು.

“ಹ್ಯಾಮ್ ರೇಡಿಯೊನಾ ಸಾರ್?”

“ಅಲ್ಲ, ವಿಮಾನ.”

ಆಗ ತಲೆಯೆತ್ತಿದರು. “ವಿಮಾನಕ್ಕೆ ಎಷ್ಟು ಮೀಟರ್ ವೈರ್ ಕೊಡ್ಲಿ?”

ಆ ಪ್ರಶ್ನೆಯ ತೂಕ ನನಗೆ ಅಂದು ತಿಳಿಯಲಿಲ್ಲ. ಅದರ ಕತೆ ಮುಂದಿದೆ.

ಮನೆ ವೈರಿಂಗಿನಲ್ಲಿ ಉಳಿದ ತಾಮ್ರದ ತಂತಿಯ ಪ್ಲಾಸ್ಟಿಕ್ ಸುಲಿದು, ನೇರ ಮಾಡಿ, ಐದು ತುಂಡು ಕತ್ತರಿಸಿದೆ. ಒಂದನ್ನು ಕನೆಕ್ಟರಿನ ನಡುವೆ ನಿಲ್ಲಿಸಿ ಬೆಸುಗೆ ಹಾಕಿ, ನಾಲ್ಕನ್ನು ಮೂಲೆಯ ತೂತಿಗೆ ಬಿಗಿದು 45 ಡಿಗ್ರಿ ಕೆಳಕ್ಕೆ ಬಗ್ಗಿಸಿದರೆ ಕೊಡೆ ತಯಾರು. ಕಡ್ಡಿಗಳು ಬಾಗುವುದು ಚಂದಕ್ಕಲ್ಲ. ಆ ಓರೆಯಲ್ಲಿ ಆಂಟೆನಾ ವೈರಿನ ಜೊತೆ ಜಗಳವಾಡದೆ ಹೊಂದಿಕೊಳ್ಳುತ್ತದೆ. ನಡುವಿನ ಕಡ್ಡಿ ಮಾತ್ರ ಒನಕೆಯಂತೆ ನೆಟ್ಟಗಿರಬೇಕು. ವಿಮಾನ ಬಿಡುವ ಅಲೆ ನಿಂತ ಅಲೆ. ಹಿಡಿಯುವ ಕಡ್ಡಿಯೂ ನಿಂತೇ ಇರಬೇಕು. ದೂರದರ್ಶನದ ಆಂಟೆನಾಗಳ ಕಡ್ಡಿಗಳೆಲ್ಲ ಏಣಿಯ ಮೆಟ್ಟಿಲಿನಂತೆ ಮಲಗಿರುತ್ತಿದ್ದವಲ್ಲ, ಅದು ಮಲಗಿದ ಅಲೆಯ ಕಾಲ.

ಆ ಏಣಿಯೊಂದು ನಮ್ಮ ತಾರಸಿಯಲ್ಲೂ ಇತ್ತು. 1987ರ ಭಾನುವಾರದ ಬೆಳಗುಗಳಲ್ಲಿ, ರಾಮಾಯಣ ಶುರುವಾಗಲು ಹತ್ತು ನಿಮಿಷವಿರುವಾಗ, ಅಪ್ಪ ಮೇಲೆ ಪೈಪು ತಿರುಗಿಸುವುದು, “ಬಂತಾ?” ಎಂದು ಕೂಗುವುದು, ಮೆಟ್ಟಿಲ ಮೇಲೆ ನಿಂತ ನಾನು ಅದನ್ನು ಕೆಳಕ್ಕೆ ದಾಟಿಸುವುದು, ಅಮ್ಮ ಟೀವಿಯ ಮುಂದಿನಿಂದ “ಬಂತು, ಬಂತು... ಅಯ್ಯೋ ಹೋಯ್ತು” ಎನ್ನುವುದು. ಬೀದಿಯ ಎಲ್ಲ ತಾರಸಿಗಳಿಂದಲೂ ಇದೇ ಕೂಗು. ಹಾಗಾಗಿ ನಾನು ಕೊಡೆಯನ್ನು ಕಂಬಕ್ಕೆ ಕಟ್ಟಿ, ಮೊಬೈಲು ಕೆಳಗೇ ಮರೆತು ಬಂದಿದ್ದರಿಂದ “ಬಂತಾ?” ಎಂದು ಕೂಗಿದಾಗ ಅಮ್ಮ ಕ್ಷಣ ಹೊತ್ತು ಸುಮ್ಮನಿದ್ದಳು. ಆಮೇಲೆ ಕೆಳಗಿನಿಂದ ದನಿ ಬಂತು: “ಬಂತು ಕಣೋ. ಇರುವೆ ಥರ ಇದೆಯಲ್ಲೋ!”

ಐದಿದ್ದದ್ದು ಅರವತ್ತಾಗಿತ್ತು. ಡಾಂಗಲ್ ಅದೇ, ಪೈ ಅದೇ. ಬದಲಾದದ್ದು ಒಂದು ಮಹಡಿಯ ಎತ್ತರ ಮತ್ತು ಗೋಡೆಯಿಲ್ಲದ ನೋಟ. ಅಲೆ ಕಣ್ಣಿನ ಹಾಗೆಯೇ, ಬಹುಮಟ್ಟಿಗೆ ನೇರ ನೋಡುತ್ತದೆ. ಭೂಮಿ ಗುಂಡಗಿರುವುದರಿಂದ ಕೊನೆಗೆ ಅದೇ ಅಡ್ಡ ಬರುತ್ತದೆ. ಎಷ್ಟು ದೂರಕ್ಕೆ ಎಂಬುದಕ್ಕೆ ಸುಲಭದ ಲೆಕ್ಕವಿದೆ: ವಿಮಾನದ ಎತ್ತರದ ವರ್ಗಮೂಲ, ಆಂಟೆನಾದ ಎತ್ತರದ ವರ್ಗಮೂಲ, ಎರಡೂ ಮೀಟರಿನಲ್ಲಿ, ಕೂಡಿಸಿ 4.12ರಿಂದ ಗುಣಿಸಿದರೆ ಕಿಲೋಮೀಟರ್. ಸಮುದ್ರಮಟ್ಟದಿಂದ 11,000 ಮೀಟರ್ ಮೇಲೆ ಹಾರುವ ವಿಮಾನ, 900 ಮೀಟರ್ ಎತ್ತರದ ಬೆಂಗಳೂರಿನ ಮೂರಂತಸ್ತಿನ ತಾರಸಿಗೆ ಕಾಣುವುದು ಸುಮಾರು 430 ಕಿಲೋಮೀಟರ್ ತನಕ. ಇದಕ್ಕಿಂತ ಆಚೆಗೆ ಎಂಥ ದುಬಾರಿ ಆಂಟೆನಾ ತಂದರೂ ಹೋಗುವಂತಿಲ್ಲ. ಆದರೆ ಈ 430ರ ವೃತ್ತವನ್ನು ನಕಾಶೆಯ ಮೇಲೆ ಎಳೆದು ನೋಡಿ. ಮೂಡಲಲ್ಲಿ ಚೆನ್ನೈ ದಾಟಿ ಬಂಗಾಳ ಕೊಲ್ಲಿ, ಪಡುವಲಲ್ಲಿ ಮಂಗಳೂರು ದಾಟಿ ಅರಬ್ಬಿ ಸಮುದ್ರ. ಬಟ್ಟೆ ತಂತಿಯ ಕಂಬದಲ್ಲಿ ನಿಂತ ನಾಲ್ಕು ಬೆರಳಗಲದ ತಂತಿಗೆ ಎರಡು ಕಡಲಿನ ಮೇಲಿನ ಆಕಾಶ ದಕ್ಕುತ್ತದೆ.

ಚಿಕ್ಕಮ್ಮನ ಮಗ ದುಬೈಗೆ ವಾಪಸು ಹೊರಟ ರಾತ್ರಿ ಅಮ್ಮ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ದೇವನಹಳ್ಳಿಯ ನಿಲ್ದಾಣ ನಮ್ಮಲ್ಲಿಂದ ಹಕ್ಕಿ ಹಾರುವ ದಾರಿಯಲ್ಲಿ 34 ಕಿಲೋಮೀಟರ್. ನಡುವೆ ಇಡೀ ಊರಿನ ಕಾಂಕ್ರೀಟು. ನೆಲದ ಮೇಲಿರುವ ವಿಮಾನ ನಮಗೆ ಕಾಣುವುದಿಲ್ಲ. ಎದ್ದು ಒಂದಿಷ್ಟು ಮೇಲೇರಿದ ಮೇಲೆ ನಕಾಶೆಯಲ್ಲಿ ತಟ್ಟನೆ ಹುಟ್ಟುತ್ತದೆ. ಅವನದೂ ಹಾಗೆ ಹುಟ್ಟಿತು, ತಿರುಗಿತು, ವಾಯವ್ಯಕ್ಕೆ ಮುಖ ಮಾಡಿತು. ತುಮಕೂರು, ಆಮೇಲೆ ಬಯಲುಸೀಮೆಯ ಊರುಗಳು.

“ಸಾಗರ ದಾಟ್ತಿದೆ ನೋಡು” ಅಂದೆ.

“ಯಾವ ಸಾಗರವೋ? ನೀರಿಂದೋ, ನಮ್ಮೂರೋ?”

“ನಿಮ್ಮೂರು.”

ಅಮ್ಮ ಕನ್ನಡಕ ಸರಿಮಾಡಿಕೊಂಡಳು. ತವರಿನ ಮೇಲೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಹಾಯುವ ನೇರಳೆ ಇರುವೆಯನ್ನು, ಅದು ಕರಾವಳಿಯ ಅಂಚಿಗೆ ಹೋಗಿ ಮಾಯವಾಗುವ ತನಕ, ನೋಡಿದಳು. ಮರುದಿನ ಚಿಕ್ಕಮ್ಮನಿಗೆ ಫೋನಿನಲ್ಲಿ, “ನಮ್ಮನೆ ಕೊಡೆಯಲ್ಲಿ ಅವನು ಕಾಣಿಸ್ತಿದ್ದ” ಎಂದು ವರದಿಯಾಯಿತು. ಆ ಚಿಕ್ಕಮ್ಮನ ಹಿರಿಯ ಮಗ ಹೋಗಿಬರುವುದು ಮಂಗಳೂರಿನಿಂದ. ಅವನನ್ನೂ ತೋರಿಸೆಂದರೆ ಆಗುವುದಿಲ್ಲ. ಬಜ್ಪೆ ಇಲ್ಲಿಗೆ ಸುಮಾರು 290 ಕಿಲೋಮೀಟರ್. ಅಷ್ಟು ದೂರದ ವಿಮಾನ ನಮಗೆ ಕಾಣಬೇಕಾದರೆ 5,400 ಮೀಟರಾದರೂ ಏರಿರಬೇಕು. ಅಷ್ಟು ಏರುವ ಹೊತ್ತಿಗೆ ಅದು ಪಡುವಲಕ್ಕೆ ಇನ್ನಷ್ಟು ಸರಿದು ಇನ್ನಷ್ಟು ಎತ್ತರ ಕೇಳುತ್ತದೆ. ಭೂಮಿಯ ಬೆನ್ನಿನ ಹಿಂದೆ ಓಡುತ್ತಲೇ ಏರುವವನನ್ನು ಹಿಡಿಯಲಾಗದು. ಹಿರಿಯನಿಗೆ ಅನ್ಯಾಯವಾಯಿತೆಂದು ಅಮ್ಮನಿಗೆ ಈಗಲೂ ಸಣ್ಣ ಬೇಸರವಿದೆ.

ವೈರಿನ ಕತೆಗೆ ಬರುತ್ತೇನೆ. ಎಸ್‌ಪಿ ರೋಡಿನಲ್ಲಿ ನಾನು ಕೊಂಡದ್ದು ತೆಳ್ಳಗಿನ, ಸುಲಭಕ್ಕೆ ಬಾಗುವ ಆರ್‌ಜಿ-58. ಹದಿನೈದು ಮೀಟರ್. 1090 ಮೆಗಾಹರ್ಟ್ಸ್ ಅಲೆ ಆ ವೈರಿನಲ್ಲಿ ಅಷ್ಟು ದೂರ ಇಳಿಯುವಾಗ ಐದರಲ್ಲಿ ಒಂದು ಪಾಲು ಉಳಿದರೆ ಪುಣ್ಯ. ಮಿಕ್ಕದ್ದೆಲ್ಲ ದಾರಿಯಲ್ಲೇ ಕರಗುತ್ತದೆ. ಅದರ ಬದಲು ಡಿಶ್ ಟೀವಿಗೆ ಎಳೆಯುವ ಮಾಮೂಲಿ ಆರ್‌ಜಿ-6 ವೈರು ಹಾಕಿದರೆ ಅರ್ಧ ಉಳಿಯುತ್ತದೆ. ಅದು 75 ಓಮ್, ನಮ್ಮ ಡಾಂಗಲ್ 50 ಓಮ್, ಹೊಂದುವುದಿಲ್ಲವೆಂದು ಓದಿಕೊಂಡವರು ಹೆದರಿಸುತ್ತಾರೆ. ಆ ಹೊಂದಾಣಿಕೆಯಿಲ್ಲದ ಕಡೆ ಹಿಂದಕ್ಕೆ ಪುಟಿಯುವುದು ನೂರಕ್ಕೆ ನಾಲ್ಕು ಪಾಲು. ನಾಲ್ಕು ಹೋಗಲಿ ಬಿಡಿ. ತೂತಿನ ಕೊಡದಲ್ಲಿ ಮೂರು ಮೈಲಿ ನೀರು ಹೊರುವವರು ಅಂಚಿನಿಂದ ತುಳುಕುವ ಹನಿಗೆ ಅಳಬಾರದು.

ಆಮೇಲೆ ಆಂಪ್ಲಿಫೈಯರಿನ ಮೋಹ. ಹೆಬ್ಬೆರಳಷ್ಟಿರುವ ಒಂದನ್ನು ತರಿಸಿ, ಕೆಳಗೆ ಡಾಂಗಲ್ ಪಕ್ಕದಲ್ಲೇ ಸಿಕ್ಕಿಸಿದೆ. ವಿಮಾನಗಳು ಹೆಚ್ಚಲಿಲ್ಲ, ಕಡಿಮೆಯಾದವು! ಎರಡು ತಪ್ಪು ಒಟ್ಟಿಗೆ ಮಾಡಿದ್ದೆ. ವೈರಿನಲ್ಲಿ ಸೊರಗಿ ಬಂದ ಸಿಗ್ನಲ್ಲನ್ನು ಕೊನೆಯಲ್ಲಿ ಹಿಗ್ಗಿಸಿದರೆ ಅದರ ಜೊತೆ ಸೇರಿದ ಗೊರಗೊರವೂ ಹಿಗ್ಗುತ್ತದೆ. ಹಿಗ್ಗಿಸುವುದಿದ್ದರೆ ಕೊಡೆಯ ಬುಡದಲ್ಲೇ, ಸೊರಗುವ ಮುಂಚೆ ಹಿಗ್ಗಿಸಬೇಕು. ಅದಕ್ಕೆ ಬೇಕಾದ ಕರೆಂಟನ್ನು ಅದೇ ವೈರಿನಲ್ಲಿ ಕೆಳಗಿನಿಂದ ಮೇಲಕ್ಕೆ ಕಳಿಸಬಹುದು. ಎರಡನೆಯದು ನಮ್ಮ ಬೀದಿ ಕೊನೆಯ ಮೊಬೈಲ್ ಟವರು. ಅದು 900 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಹಗಲಿರುಳು ಅಬ್ಬರಿಸುತ್ತಿರುತ್ತದೆ. ಅಣ್ಣಮ್ಮನ ಉತ್ಸವದ ದಿನ ಪೆಂಡಾಲಿನ ಆರ್ಕೆಸ್ಟ್ರಾ ಎದುರು ನಿಂತು ಪಿಸುಮಾತು ಕೇಳಿಸಿಕೊಳ್ಳಬೇಕೆಂದರೆ ಕಿವಿಗೆ ಕೊಳವೆ ಹಚ್ಚಿಕೊಂಡರೆ ಆದೀತೇ? ಮೊದಲು ಆರ್ಕೆಸ್ಟ್ರಾ ಹೊರಗಿಡಬೇಕು. 1090ರ ಆಜುಬಾಜನ್ನು ಮಾತ್ರ ಒಳಬಿಡುವ ಫಿಲ್ಟರ್ ಸೇರಿಸಿ, ಎರಡನ್ನೂ ಮೇಲೆ, ಟಿಫನ್ ಡಬ್ಬಿಯಂಥ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂರಿಸಿದೆ. ತಂತ್ರಾಂಶದಲ್ಲಿ ಗೇನ್ ಎನ್ನುವುದನ್ನು ತುತ್ತತುದಿಯಿಂದ ಎರಡು ಮೆಟ್ಟಿಲು ಇಳಿಸಿದೆ. ಇಳಿಸಿದರೆ ಹೆಚ್ಚು ಕಾಣುತ್ತದೆಂಬುದು ನಂಬಲಾಗದ ಮಾತು. ಆದರೆ ತಲೆಯ ಮೇಲೇ ಹಾಯುವ ವಿಮಾನದ ಕಿರುಚಾಟಕ್ಕೆ ಡಾಂಗಲ್ ಕಿವುಡಾಗುವುದು ತಪ್ಪಿತು.

ಇಷ್ಟೆಲ್ಲ ಆಗಿ ವಾರ ಕಳೆದ ಮೇಲೆ, ಯಾವ ದಿಕ್ಕಿನಲ್ಲಿ ಎಷ್ಟು ದೂರದ ತನಕ ಕಂಡಿದೆಯೆಂದು ಗೆರೆ ಎಳೆದು ತೋರಿಸುವ ಚಿತ್ರ ತೆರೆದೆ. ಗುಂಡನೆಯ ದೋಸೆ ಬರುತ್ತದೆಂದು ಕಾದಿದ್ದೆ. ಬಂದದ್ದು ಇಲಿ ಕಚ್ಚಿದ ದೋಸೆ.

ಆ ಚಿತ್ರದ ಮುಂದೆ ನಾನು ಕೂತಷ್ಟು ಹೊತ್ತು ಬೇರೆ ಯಾವುದರ ಮುಂದೆಯೂ ಕೂತಿಲ್ಲ. ಏಕೆಂದರೆ ಅದು ಆಕಾಶದ ಚಿತ್ರವಲ್ಲ, ನಮ್ಮ ಬೀದಿಯದು. ಮೂಡಲಲ್ಲಿ ಚೌಕಾಕಾರದ ಒಂದು ಕಡಿತ: ಎರಡು ವರ್ಷದ ಹಿಂದೆ ಹುಣಿಸೆಮರ ಕಡಿದು ಕಟ್ಟಿದ ಐದಂತಸ್ತಿನ ಅಪಾರ್ಟ್‌ಮೆಂಟ್. ಚೆನ್ನೈಯಿಂದ ಬರುವ ವಿಮಾನಗಳು ಅದರ ಹಿಂದೆ ಮುಳುಗಿ, ಈಚೆಗೆ ಏಳುತ್ತವೆ. ಬಡಗಲಿನಲ್ಲಿ ಅಂಚು ಸವೆದಂತೆ ಸಣ್ಣ ತಗ್ಗು. ಅದು ಐವತ್ತು ಕಿಲೋಮೀಟರ್ ಆಚೆ 1,478 ಮೀಟರ್ ಎತ್ತರ ನಿಂತ ನಂದಿಬೆಟ್ಟದ ನೆರಳೆಂದು ನನ್ನ ಗುಮಾನಿ. ದಕ್ಷಿಣಕ್ಕೆ ಸಲೀಸು. ನೈಋತ್ಯದಲ್ಲಿ ಮಾತ್ರ ಕೇಕಿನಿಂದ ತುಂಡು ಕೊಯ್ದಂತೆ ಖಾಲಿ. ಮೈಸೂರಿನ ತನಕ ಇದೆ, ಆಚೆ ಏನೇನೂ ಇಲ್ಲ. ವಯನಾಡಿಲ್ಲ, ಕೋಯಿಕ್ಕೋಡ್ ಇಲ್ಲ. ಅತ್ತ ಹಾರುವ ವಿಮಾನಗಳೇ ಇಲ್ಲವೆಂಬಂತೆ.

ತಲೆಯೆತ್ತಿ ನೈಋತ್ಯಕ್ಕೆ ನೋಡಿದೆ. ಕಾಗೆ ಕೂತಿತ್ತು, ಟ್ಯಾಂಕಿನ ಮೇಲೆ.

ಭಾರವೆಲ್ಲ ನೈಋತ್ಯಕ್ಕಿರಬೇಕು ಎಂಬುದು ವಾಸ್ತು. ಮನೆ ಕಟ್ಟುವಾಗ ಅಪ್ಪ ಇದನ್ನು ನಂಬಲಿಲ್ಲ, ಮೇಸ್ತ್ರಿ ನಂಬಿದ್ದ. ಹಾಗಾಗಿ ಸಾವಿರ ಲೀಟರಿನ ಟ್ಯಾಂಕು ಇಟ್ಟಿಗೆಯ ಕಟ್ಟೆಯ ಮೇಲೆ ಆ ಮೂಲೆಯಲ್ಲೇ ಕೂತಿದೆ, ನನ್ನ ಕೊಡೆಗೆ ಆರೇಳು ಅಡಿ ದೂರದಲ್ಲಿ. ಬೀದಿಯ ಎಲ್ಲ ಮನೆಗಳಲ್ಲೂ ಅದೇ ಮೂಲೆ. ತಲೆಯ ಮೇಲಿನ ವಿಮಾನಕ್ಕೆ ತೊಂದರೆಯಿಲ್ಲ. ದಿಗಂತದಂಚಿನಿಂದ ಬರುವ ಸೊರಗಿದ ದನಿಗಳಿಗೆ ಅದು ಗೋಡೆ. ಇಲ್ಲಿಯವರೆಗೆ ಸರಿ. ಆದರೆ ಒಂದು ಸಂಜೆ ಕೋಯಿಕ್ಕೋಡ್ ಕಾಣಿಸಿತು. ಕೊಲಂಬೊ ಕಡೆಯಿಂದ ಗಲ್ಫಿಗೆ ಹೋಗುವ ಒಂದೆರಡು ದೊಡ್ಡ ವಿಮಾನಗಳೂ ಕಾಣಿಸಿದವು. ಒಂದು ಗಂಟೆ ಇದ್ದು ಮತ್ತೆ ಕದ ಹಾಕಿದ ಹಾಗೆ ಮಾಯ. ಎರಡು ದಿನ ಬಿಟ್ಟು ಮತ್ತೆ ಹಾಗೆಯೇ. ಹವಾಮಾನವೆಂದೆ, ಡಾಂಗಲ್ ಬಿಸಿಯಾಗಿದೆಯೆಂದೆ, ಕನೆಕ್ಟರ್ ಬಿಚ್ಚಿ ಮತ್ತೆ ಹಾಕಿದೆ.

ಗುಟ್ಟು ಬಿಡಿಸಿದ್ದು ಅಮ್ಮ. ಕೈಯಲ್ಲಿ ಸೋಪಿನ ನೊರೆ ಇಟ್ಟುಕೊಂಡು ರೂಮಿನ ಬಾಗಿಲಿಗೆ ಬಂದು, “ನಲ್ಲೀಲಿ ನೀರಿಲ್ಲ, ಮೋಟರ್ ಹಾಕೋ” ಅಂದಳು. ಹಾಕಿದೆ. ಸಂಪಿನಿಂದ ನೀರು ಏರುವ ಸದ್ದು ಶುರುವಾಯಿತು. ಇಪ್ಪತ್ತು ನಿಮಿಷದಲ್ಲಿ ನೈಋತ್ಯದ ವಿಮಾನಗಳು ಒಂದೊಂದಾಗಿ ಆರಿಹೋದವು.

ಪ್ಲಾಸ್ಟಿಕ್ಕಿನ ಗೋಡೆ ಈ ಅಲೆಗೆ ಗಾಜಿದ್ದ ಹಾಗೆ, ಅಡ್ಡಿಯೇ ಅಲ್ಲ. ನೀರು ಹಾಗಲ್ಲ, ಒಂದಿಷ್ಟನ್ನು ಹಿಂದಕ್ಕೆಸೆದು ಉಳಿದದ್ದರಲ್ಲಿ ಬಹುಪಾಲು ನುಂಗುತ್ತದೆ. ಟ್ಯಾಂಕು ತುಂಬಿದರೆ ಕೇರಳ ಮುಚ್ಚುತ್ತದೆ, ಖಾಲಿಯಾದರೆ ತೆರೆಯುತ್ತದೆ. ಎದುರು ಮನೆಯ ಹುಡುಗ ಇದನ್ನು ಕಾಲೇಜಿನ ಪ್ರಾಜೆಕ್ಟ್ ಮಾಡುತ್ತೇನೆಂದು ಕುಣಿದ. ಅಮ್ಮ ಕುಣಿಯಲಿಲ್ಲ, ಬಳಸಿಕೊಂಡಳು. ಮರುವಾರದಿಂದ ಬೆಳಿಗ್ಗೆ ಪಾತ್ರೆಗೆ ಕೂರುವ ಮುಂಚೆ, “ಕೇರಳದ ಕಡೆ ವಿಮಾನ ಇದೆಯೇನೋ?” ಎಂದು ಕೇಳುವುದು ರೂಢಿಯಾಯಿತು. ಇದೆ ಎಂದರೆ ಮೋಟರ್ ಹಾಕಬೇಕು. ಈ ಮನೆಗೆ ಬಂದ ಇಷ್ಟು ವರ್ಷಗಳಲ್ಲಿ ಟ್ಯಾಂಕು ಹತ್ತದೆ ನೀರು ನೋಡುವ ಉಪಾಯ ಅವಳಿಗೆ ಸಿಕ್ಕಿದ್ದು ಇದೇ ಮೊದಲು.

ಮೇ ಮೊದಲ ವಾರ ಗುಡುಗು ಮಳೆ ಹಿಡಿಯಿತು. ಮಿಂಚು ಕಂಡೊಡನೆ ಓಡಿ ವೈರು ಬಿಚ್ಚಿಡುವುದು, ಮಳೆ ನಿಂತ ಮೇಲೆ ಸಿಕ್ಕಿಸುವುದು. ಒಂದು ಸಲ ಕನೆಕ್ಟರಿಗೆ ರಬ್ಬರ್ ಟೇಪು ಸುತ್ತಿದ್ದು ಸಾಲದೆ ವೈರಿನೊಳಗೆ ನೀರು ಇಳಿದು ಎರಡು ಮೀಟರ್ ಕತ್ತರಿಸಿ ಎಸೆಯಬೇಕಾಯಿತು. ಈಗ ವೈರು ಕಿಟಕಿಗೆ ನುಗ್ಗುವ ಮುನ್ನ ಕೆಳಕ್ಕೊಂದು ಬಾಗು ಬಿಟ್ಟಿದ್ದೇನೆ; ಹನಿ ಒಳಗೆ ಬಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ಕೊಡೆಯನ್ನು ಟ್ಯಾಂಕಿಗಿಂತ ಮೇಲಕ್ಕೆ ಏರಿಸಲು ಪೈಪು ಬೇಕಿತ್ತು. ಅದನ್ನು ಹುಡುಕಲು ಎಸ್‌ಪಿ ರೋಡಿಗೆ ಹೋಗಬೇಕಾಗಲಿಲ್ಲ. ಟ್ಯಾಂಕಿನ ಕಟ್ಟೆಯ ಹಿಂದೆ, ಒಡೆದ ಹೂಕುಂಡಗಳ ನಡುವೆ, ಅಪ್ಪನ ಟೀವಿ ಆಂಟೆನಾದ ಜಿಐ ಪೈಪು ಮಲಗಿತ್ತು. ಏಣಿ ಯಾವಾಗಲೋ ಗುಜರಿಗೆ ಹೋಗಿದೆ. ಪೈಪಿನ ಬುಡದಲ್ಲಿ ದಿಕ್ಕು ನೆನಪಿಡಲು ಅಪ್ಪ ಗರಗಸದಲ್ಲಿ ಹಾಕಿದ್ದ ಗೀರು ಹಾಗೇ ಇತ್ತು. ಹುಡುಗನೂ ನಾನೂ ಸೇರಿ ಅದನ್ನು ಮೆಟ್ಟಿಲ ಕೋಣೆಯ ಗೋಡೆಗೆ ಎರಡು ಕ್ಲಾಂಪಿನಲ್ಲಿ ಬಿಗಿದು, ತುದಿಗೆ ಕೊಡೆ ಕೂರಿಸಿದೆವು. ನನ್ನ ಕೊಡೆಗೆ ಯಾವ ದಿಕ್ಕೂ ಬೇಕಿಲ್ಲ, ಎಲ್ಲ ಕಡೆಗೂ ಒಂದೇ. ಆದರೂ ಗೀರನ್ನು ಅಪ್ಪ ತಿರುಗಿಸಿ ನಿಲ್ಲಿಸುತ್ತಿದ್ದ ಕಡೆಗೇ ನಿಲ್ಲಿಸಿದೆ.

ಮೂರು ದಿನದಲ್ಲಿ ನೈಋತ್ಯದ ಕಡಿತ ತುಂಬಿಕೊಂಡಿತು. ಅಪಾರ್ಟ್‌ಮೆಂಟಿನ ಚೌಕವೂ ಕಿರಿದಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ತಲೆಗೆ ಸೀಗೆಪುಡಿ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ನಲ್ಲಿ ಎರಡು ಸಲ ಕೆಮ್ಮಿ ನಿಂತಿತು.

“ಅಮ್ಮಾ, ನೀರು!”

ಹೊರಗಿನಿಂದ ಅಮ್ಮನ ದನಿ: “ಕೇರಳದ ವಿಮಾನ ಕಾಣಿಸ್ಲಿಲ್ವೇನೋ?”

“ಕಾಣಿಸ್ತಿತ್ತು” ಅಂದೆ, ಕಣ್ಣುರಿಯಲ್ಲಿ ಚೊಂಬು ತಡಕುತ್ತ. “ಇನ್ಮೇಲೆ ಯಾವಾಗ್ಲೂ ಕಾಣಿಸುತ್ತೆ.”